ಅರಿವು, ಕುರುಹು, ಯಂತ್ರದ ಗೆರೆ

ಅರಿವು ಮಿದುಳಿನ ಕೆಲಸ, ಅದರಾಚೆ ಏನೂ ಇಲ್ಲ ಎಂಬ ಮಾತನ್ನು ಒಪ್ಪಲು ಕನ್ನಡ ನಾಡು ಹಿಂಜರಿದದ್ದರ ಹಿಂದೆ ಎರಡು ಪರಂಪರೆಗಳಿವೆ. ಒಂದು ಮಠ, ಪಾಠಶಾಲೆಗಳದ್ದು. ಅದಕ್ಕೆ ಶತಮಾನಗಳ ವಯಸ್ಸು. ಇನ್ನೊಂದು ಪ್ರಯೋಗಶಾಲೆ, ಆಸ್ಪತ್ರೆಗಳದ್ದು; ಅದು ಶುರುವಾಗಿ ಸುಮಾರು ನೂರು ವರ್ಷ. ಮೊದಲನೆಯದು ಹೆಚ್ಚಿನವರಿಗೆ ಗೊತ್ತು. ಎರಡನೆಯದು ಅಷ್ಟಾಗಿ ಬೆಳಕಿಗೆ ಬಂದಿಲ್ಲ. ಯೋಗಿಯ ಎದೆಗೆ ತಂತಿ ಕಟ್ಟಿ ಹೃದಯದ ಗೆರೆ ತೆಗೆದವರು, ಮೈಮೇಲೆ ದೈವ ಬರುವ ಪಾತ್ರಿಯ ಊರಿನಲ್ಲಿ ಮನೆಮನೆ ತಿರುಗಿ ಟಿಪ್ಪಣಿ ಮಾಡಿಕೊಂಡವರು, ಕೋಲಾರದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಎಣಿಸಿದವರು ಈ ಪರಂಪರೆಗೆ ಸೇರಿದವರು. ಯಂತ್ರಕ್ಕೆ ಸಿಕ್ಕಿದ್ದು ಎಷ್ಟು, ಸಿಗದೆ ಉಳಿದದ್ದು ಎಷ್ಟು ಎಂದು ಕೇಳುವ ಹಕ್ಕು ಇವರಿಗೆ ಹೆಚ್ಚು, ಏಕೆಂದರೆ ಯಂತ್ರ ಇವರ ಕೈಯಲ್ಲೇ ಇತ್ತು.

ಮಾತುಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿ ರೋಗಿಗೆ ಪ್ರಜ್ಞೆ ಇದೆಯೇ ಎಂದು ಕೇಳುತ್ತಾರೆ. ಕರೆದರೆ ಓಗೊಡುತ್ತಾನೆಯೇ, ಚುಚ್ಚಿದರೆ ಕೈ ಎಳೆದುಕೊಳ್ಳುತ್ತಾನೆಯೇ ಎಂಬುದು ಆ ಪ್ರಶ್ನೆಯ ಅರ್ಥ. ಎಚ್ಚರ ಎಂಬುದು ನಿದ್ದೆಯ ಎದುರುಮಾತು. ಚೈತನ್ಯ ದರ್ಶನಶಾಸ್ತ್ರದ ಮಾತು. ಅರಿವು ಇವೆಲ್ಲಕ್ಕಿಂತ ಹತ್ತಿರದ್ದು: ನೋವಾದಾಗ ನೋವೆಂದು ಒಳಗೆ ತಿಳಿಯುವ ಆ ತಿಳಿವು. ಶಸ್ತ್ರಕ್ರಿಯೆಗೆ ಮುನ್ನ ಕೊಡುವ ಔಷಧಕ್ಕೆ ಕನ್ನಡದಲ್ಲಿ ‘ಅರಿವಳಿಕೆ’ ಎಂದು ಹೆಸರಿಟ್ಟವರು ಈ ಅರ್ಥವನ್ನೇ ಹಿಡಿದಿದ್ದರು. ಅಳಿಯುವುದು ಅರಿವು, ದೇಹವಲ್ಲ. ಹನ್ನೆರಡನೆಯ ಶತಮಾನದ ಶರಣರು ಅರಿವಿನ ಜೊತೆಗೆ ‘ಕುರುಹು’ ಎಂಬ ಇನ್ನೊಂದು ಮಾತನ್ನು ಜೋಡಿಸಿದರು. ಅಂಗೈಯ ಇಷ್ಟಲಿಂಗ ಕುರುಹು, ಕಣ್ಣಿಗೆ ಕಾಣುವ ಗುರುತು. ಅದರ ಮೂಲಕ ತಲುಪಬೇಕಾದ್ದು ಅರಿವು. ಕುರುಹನ್ನೇ ಅರಿವೆಂದು ನಂಬಿ ನಿಂತುಬಿಡುವ ಅಪಾಯದ ಬಗ್ಗೆ ಅಲ್ಲಮಪ್ರಭು ಮತ್ತೆ ಮತ್ತೆ ಎಚ್ಚರಿಸಿದ್ದಾನೆ. ಅವನ ಚಿಂತನೆಯ ಸಂದರ್ಭ ಬೇರೆ, ಆದರೂ ಯಂತ್ರ ಕಾಗದದ ಮೇಲೆ ಎಳೆಯುವ ಗೆರೆಗೆ ಇದಕ್ಕಿಂತ ಒಪ್ಪುವ ಹೆಸರು ಕನ್ನಡದಲ್ಲಿ ಇಲ್ಲ. ಗೆರೆ ಕುರುಹು. ಅದೇ ಅರಿವೇ ಎಂಬುದು ಪ್ರಶ್ನೆ.

ಈ ಎರಡು ಪರಂಪರೆಗಳು ಒಂದಕ್ಕೊಂದು ಹತ್ತಿರದಲ್ಲೇ ನಿಂತಿರುವ ಜಾಗ ಮುಂಬಯಿಯ ವಡಾಲದ ಸುತ್ತಮುತ್ತ. 1896ರ ಪ್ಲೇಗಿನ ಬಳಿಕ ಹುಟ್ಟಿಕೊಂಡ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ, ವಡಾಲ, ಸಯನ್ ಭಾಗಗಳಲ್ಲಿ ಹೊಸ ಬಡಾವಣೆಗಳನ್ನು ಕಟ್ಟಿಸಿತು. ಉಡುಪಿ, ಮಂಗಳೂರು, ಕುಮಟಾ, ಕಾರವಾರಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆನಿಂತವು. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯೂ ವಡಾಲದಲ್ಲೇ ಬೆಳೆಯಿತು. ಕತ್ರಕ್ ರಸ್ತೆಯಲ್ಲಿ ಗೌಡ ಸಾರಸ್ವತ ಬ್ರಾಹ್ಮಣರ ಶ್ರೀರಾಮ ಮಂದಿರವಿದೆ. ಅದು ಗೋಕರ್ಣ ಪರ್ತಗಾಳಿ ಜೀವೋತ್ತಮ ಮಠಕ್ಕೆ ಸೇರಿದ್ದು. ಹದಿನೈದನೆಯ ಶತಮಾನದಲ್ಲಿ ಉಡುಪಿಯ ಪಲಿಮಾರು ಮಠದಿಂದ ದೀಕ್ಷೆ ಪಡೆದ ನಾರಾಯಣ ತೀರ್ಥರಿಂದ ಆರಂಭವಾದ ಈ ಮಠ ಮಧ್ವ ಪರಂಪರೆಯದು. ವಡಾಲದಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಪರೇಲ್. ಅಲ್ಲಿ 1926ರಲ್ಲಿ ಆರಂಭವಾದ ಕಿಂಗ್ ಎಡ್ವರ್ಡ್ ಮೆಮೋರಿಯಲ್ (ಕೆಇಎಂ) ಆಸ್ಪತ್ರೆ. ರಾಮ ಮಂದಿರದ ಹಿಂದಿರುವ ಚಿಂತನೆ ಅರಿವಿಗೆ ಒಂದು ಸ್ಥಾನ ಕೊಟ್ಟಿತ್ತು. ಆಸ್ಪತ್ರೆಯ ಮನೋವೈದ್ಯರು ಅದೇ ಅರಿವಿನ ಸಾಧನೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದರು.

ಮಧ್ವಾಚಾರ್ಯರು ಅರಿವಿಗೆ ಕೊಟ್ಟ ಸ್ಥಾನದ ಹೆಸರು ‘ಸಾಕ್ಷಿ’. ಅವರ ಪ್ರಕಾರ ಕಣ್ಣು, ಕಿವಿ ತಪ್ಪಬಹುದು, ಮನಸ್ಸೂ ತಪ್ಪಬಹುದು. ಹಗ್ಗವನ್ನು ಹಾವೆಂದು ಕಂಡಾಗ ತಪ್ಪು ಅವುಗಳದ್ದು. ಆದರೆ ಹೆದರಿಕೆಯಾಯಿತು ಎಂಬುದು ತಪ್ಪಲ್ಲ. ಸುಖ, ದುಃಖ, ಕಾಲ ಇವುಗಳ ನೇರ ತಿಳಿವನ್ನು ಪಡೆಯುವುದು ಜೀವಾತ್ಮನ ಸ್ವರೂಪವೇ ಆದ ಸಾಕ್ಷಿ. ಯಾವುದು ಸರಿಯಾದ ಜ್ಞಾನ, ಯಾವುದು ಅಲ್ಲ ಎಂಬ ಕೊನೆಯ ತೀರ್ಮಾನವೂ ಸಾಕ್ಷಿಯದೇ. ಇದನ್ನು ಟೀಕಾಚಾರ್ಯ ಜಯತೀರ್ಥರು ‘ನ್ಯಾಯಸುಧಾ’ದಲ್ಲಿ, ವ್ಯಾಸತೀರ್ಥರು ತಮ್ಮ ಗ್ರಂಥಗಳಲ್ಲಿ ಇನ್ನಷ್ಟು ಬಿಗಿಯಾಗಿ ವಾದಿಸಿದರು. ಇಲ್ಲಿ ಗಮನಿಸಬೇಕಾದ್ದು ಒಂದೇ: ಈ ಚಿಂತನೆಯಲ್ಲಿ ಹೊರಗಿನ ಯಾವ ಪರೀಕ್ಷೆಯೂ ಒಳಗಿನ ಸಾಕ್ಷಿಯನ್ನು ದಾಟಿ ಹೋಗಲಾರದು, ಏಕೆಂದರೆ ಪರೀಕ್ಷೆಯ ಫಲಿತಾಂಶವನ್ನು ಒಪ್ಪುವುದೂ ಸಾಕ್ಷಿಯೇ.

ಎದುರುವಾದವೂ ಅಷ್ಟೇ ಹಳೆಯದು, ಮತ್ತು ಅದನ್ನು ಉಳಿಸಿಕೊಟ್ಟ ಕೀರ್ತಿಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರ ಹೆಸರಿನಲ್ಲಿ ಬಂದ ‘ಸರ್ವದರ್ಶನ ಸಂಗ್ರಹ’ ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಚಾರ್ವಾಕರ ವಾದ ಸರಳ: ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕು ಒಂದು ಹದದಲ್ಲಿ ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಕಿಣ್ವ ಮೊದಲಾದವು ಕೂಡಿ ಹುದುಗಿದಾಗ ಅವುಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಮದ ಹುಟ್ಟುವ ಹಾಗೆ. ದೇಹ ಹೋದರೆ ಚೈತನ್ಯವೂ ಹೋಯಿತು. ಅದೇ ‘ಕಿಣ್ವ’ ಎಂಬ ಮಾತು ಇಂದು ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ವಸ್ತುವಿಗೆ ಹೆಸರಾಗಿದೆ. ಜೀವಕೋಶಗಳ ರಸಾಯನ ಒಂದು ಮಟ್ಟಕ್ಕೆ ಬಂದಾಗ ಅರಿವು ಮೂಡುತ್ತದೆ ಎನ್ನುವ ಈಗಿನ ವಾದಕ್ಕೆ ಚಾರ್ವಾಕರು ನೇರ ಪೂರ್ವಿಕರು. ಅವರನ್ನು ಕೇವಲ ಭೋಗವಾದಿಗಳೆಂದು ತಳ್ಳಿಹಾಕಿದ್ದು ಅನ್ಯಾಯ.

ಈ ವಾದಕ್ಕೆ ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಕೊಟ್ಟ ಉತ್ತರ ಇಂದಿಗೂ ಹಳತಾಗಿಲ್ಲ. ದೀಪವಿದ್ದರೆ ಕೋಣೆಯಲ್ಲಿನ ವಸ್ತು ಕಾಣುತ್ತದೆ, ದೀಪ ಆರಿದರೆ ಕಾಣುವುದಿಲ್ಲ. ಅಷ್ಟರಿಂದ ನೋಟ ಎಂಬುದು ದೀಪದ ಗುಣ ಎಂದು ಯಾರೂ ಹೇಳುವುದಿಲ್ಲ. ದೀಪ ನೋಟಕ್ಕೆ ಬೇಕಾದ ಸಲಕರಣೆ. ಹಾಗೆಯೇ ದೇಹವಿದ್ದಾಗ ಅರಿವಿದೆ, ದೇಹವಿಲ್ಲದಾಗ ಕಾಣದು ಎಂಬುದರಿಂದ ಅರಿವು ದೇಹದ ಗುಣ ಎಂದು ಸಾಧಿಸಿದಂತಾಗುವುದಿಲ್ಲ. ಎರಡು ಸಂಗತಿಗಳು ಜೊತೆಯಾಗಿ ಬರುವುದು ಬೇರೆ, ಒಂದು ಇನ್ನೊಂದೇ ಆಗಿರುವುದು ಬೇರೆ. ಈ ವಾದ ಆತ್ಮವನ್ನು ಸಾಧಿಸುವುದಿಲ್ಲ ಎಂಬುದೂ ನಿಜ. ದೀಪದ ಮಾತಿನಿಂದ ಕಣ್ಣು ಬೇರೆ ಇದೆ ಎಂದು ತೋರಿಸಿದಂತಾಗಲಿಲ್ಲ. ಅದು ಬಾಗಿಲು ಮುಚ್ಚಲು ಬಂದವನ ಕೈ ತಡೆಯುತ್ತದೆ, ಅಷ್ಟೆ. ಅಷ್ಟೇ ಸಾಕು.

ಪ್ರಯೋಗದ ಕಥೆ ಮೈಸೂರಿನಲ್ಲಿ ಆರಂಭವಾಗುತ್ತದೆ. 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲ್ ಸ್ವತಃ ತತ್ತ್ವಜ್ಞಾನಿ. ಅವರ ಕಾಲದಲ್ಲಿ, 1924ರಲ್ಲಿ, ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. ಕಲ್ಕತ್ತೆಯ ಬಳಿಕ ಭಾರತದಲ್ಲಿ ಎರಡನೆಯದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಆರಂಭಿಸಿ ‘ಆಕಾಶವಾಣಿ’ಗೆ ಕಾರಣರಾದವರೂ ಅವರೇ. ಮನಸ್ಸನ್ನು ಅಂಕಿಗಳಲ್ಲಿ ಹಿಡಿಯಬಹುದು ಎಂಬ ವಿಶ್ವಾಸ ಆ ವಿಭಾಗದ ಬುನಾದಿ. ಅದೇ ವಿಶ್ವವಿದ್ಯಾನಿಲಯದಲ್ಲಿ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಬೋಧಿಸುತ್ತಿದ್ದರು. ಅವರ ಪ್ರಸಿದ್ಧ ಗ್ರಂಥ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ 1932ರಲ್ಲಿ ಹೊರಬಂತು. ಒಂದೇ ಊರಿನಲ್ಲಿ ಸಾಕ್ಷಿಯ ಪಾಠವೂ ಸ್ಪಿಯರ್‌ಮನ್‌ನ ಅಳತೆಗೋಲೂ ಜೊತೆಯಲ್ಲಿದ್ದವು.

1924 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ವರ್ಷ. ಆ ವರ್ಷ ಮುಂಬಯಿ–ಪುಣೆ ದಾರಿಯ ಲೋಣಾವಳದಲ್ಲಿ ಸ್ವಾಮಿ ಕುವಲಯಾನಂದರು ಕೈವಲ್ಯಧಾಮವನ್ನು ಸ್ಥಾಪಿಸಿ ‘ಯೋಗ ಮೀಮಾಂಸಾ’ ಪತ್ರಿಕೆ ಹೊರಡಿಸಿದರು. ನೌಲಿ, ಉಡ್ಡೀಯಾನ ಮಾಡುವಾಗ ಹೊಟ್ಟೆಯೊಳಗಿನ ಒತ್ತಡ ಎಷ್ಟು ಇಳಿಯುತ್ತದೆ ಎಂದು ಅವರು ಅಳೆದರು, ಎಕ್ಸ್-ರೇ ತೆಗೆಸಿದರು. ಯೋಗವನ್ನು ಹಾಡಿ ಹೊಗಳುವ ಕಾಲದಲ್ಲಿ ಅದನ್ನು ಮಾಪಕಕ್ಕೆ ಒಡ್ಡಿದ್ದು ಅವರ ದೊಡ್ಡತನ. 1930ರ ದಶಕದಲ್ಲಿ ಮುಂಬಯಿಯ ಕಡಲ ದಂಡೆಗೂ ಅವರ ಕೇಂದ್ರ ಬಂತು.

ಮುಂದಿನ ಘಟನೆಯ ನಾಯಕ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದವರು. ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಹೃದಯದ ಬಡಿತವನ್ನು ತಡೆದು ನಿಲ್ಲಿಸಬಲ್ಲರು ಎಂಬ ಖ್ಯಾತಿ ಅವರಿಗಿತ್ತು. 1935ರಲ್ಲಿ ತೆರೆಸ್ ಬ್ರೋಸ್ ಎಂಬ ಫ್ರಾನ್ಸಿನ ಹೃದಯವೈದ್ಯೆ ಎತ್ತಿ ಒಯ್ಯಬಹುದಾದ ಹೃದಯಲೇಖಿ ಯಂತ್ರದೊಂದಿಗೆ ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಕೃಷ್ಣಮಾಚಾರ್ಯರೂ ಅವರಲ್ಲೊಬ್ಬರು. ಯಂತ್ರದ ಗೆರೆ ಸಣ್ಣದಾಗುತ್ತ ಹೋಗಿ ಬಹುತೇಕ ಸಮತಟ್ಟಾದದ್ದನ್ನು ಬ್ರೋಸ್ ಪ್ರಕಟಿಸಿದರು. ಯೋಗಿ ಹೃದಯ ನಿಲ್ಲಿಸುತ್ತಾನೆ ಎಂಬ ಮಾತಿಗೆ ಪಶ್ಚಿಮದ ವಿಜ್ಞಾನದ ಮುದ್ರೆ ಬಿದ್ದಂತಾಯಿತು. ಈ ಕಥೆ ಯೋಗದ ಪುಸ್ತಕಗಳಲ್ಲಿ ಇಂದಿಗೂ ಹರಿದಾಡುತ್ತಿದೆ.

ಮರುಪರೀಕ್ಷೆ ನಡೆದದ್ದು 22 ವರ್ಷಗಳ ನಂತರ. 1957ರಲ್ಲಿ ಅಮೆರಿಕದಿಂದ ಬಂದ ಎಂ.ಎ. ವೆಂಗರ್ ಮತ್ತು ಬಸುಕುಮಾರ ಬಾಗ್ಚಿ ಹಲವು ಊರುಗಳಲ್ಲಿ ಯೋಗಿಗಳನ್ನು ಪರೀಕ್ಷಿಸಿದರು, ದೆಹಲಿಯ ಬಿ.ಕೆ. ಆನಂದ್ ಅವರ ಜೊತೆ ಸೇರಿದರು. ಬಾಗ್ಚಿ ಸಾಮಾನ್ಯ ವಿಜ್ಞಾನಿಯಲ್ಲ. ಬಂಗಾಳದಲ್ಲಿ ಹುಟ್ಟಿ, ಸ್ವಾಮಿ ಧೀರಾನಂದ ಎಂಬ ಹೆಸರಿನಲ್ಲಿ ಪರಮಹಂಸ ಯೋಗಾನಂದರ ಜೊತೆಗಾರರಾಗಿ ಅಮೆರಿಕಕ್ಕೆ ಹೋಗಿ, ಅಲ್ಲಿ ಕಾವಿ ಬಿಟ್ಟು, ಮಿದುಳಿನ ವಿದ್ಯುತ್ ಅಲೆಗಳ ತಜ್ಞರಾದವರು. ಧ್ಯಾನವನ್ನು ಒಳಗಿನಿಂದಲೂ ಹೊರಗಿನಿಂದಲೂ ಬಲ್ಲ ಇಂಥವರು ಆ ಕಾಲದಲ್ಲಿ ಬೇರೆ ಯಾರಿದ್ದರು?

ಆಗ ಮದ್ರಾಸಿನಲ್ಲಿದ್ದ ಕೃಷ್ಣಮಾಚಾರ್ಯರೂ ಈ ಪರೀಕ್ಷೆಗೆ ಒಪ್ಪಿದರು. ಹೃದಯ ನಿಲ್ಲಿಸುತ್ತೇವೆ ಎಂದ ಯೋಗಿಗಳೆಲ್ಲ ಮಾಡಿದ್ದು ಹೆಚ್ಚುಕಡಿಮೆ ಒಂದೇ ಕ್ರಮ. ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಲವಾಗಿ ಬಿಗಿಯುವುದು. ಇದರಿಂದ ಎದೆಯೊಳಗಿನ ಒತ್ತಡ ಏರಿ, ರಕ್ತನಾಳಗಳಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಹೃದಯಕ್ಕೆ ಹೊರಹಾಕಲು ರಕ್ತವೇ ಕಡಿಮೆಯಾದಾಗ ಮಣಿಕಟ್ಟಿನ ನಾಡಿ ಕೈಗೆ ಸಿಗುವುದಿಲ್ಲ. ಬಿಗಿದ ಸ್ನಾಯುಗಳ ಸದ್ದಿನಲ್ಲಿ ಹೃದಯದ ಸದ್ದು ಮುಳುಗಿ ಸ್ಟೆತಾಸ್ಕೋಪಿಗೂ ಕೇಳುವುದಿಲ್ಲ. ನಾಡಿ ಹಿಡಿದ ವೈದ್ಯ, ಎದೆಗೆ ಕಿವಿ ಕೊಟ್ಟ ವೈದ್ಯ ಇಬ್ಬರೂ ಹೃದಯ ನಿಂತಿತು ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಹಲವು ಕಡೆ ತಂತಿ ಜೋಡಿಸಿದ ಹೃದಯಲೇಖಿಯಲ್ಲಿ ಬಡಿತ ಬಿಡದೆ ಮೂಡಿತು. ಬ್ರೋಸ್‌ರ ಗೆರೆ ಸಣ್ಣದಾದದ್ದಕ್ಕೂ ಕಾರಣ ಸಿಕ್ಕಿತು: ಎದೆಯ ಬಿಗಿತದಲ್ಲಿ ಹೃದಯದ ವಿದ್ಯುತ್ ದಿಕ್ಕು ತಿರುಗಿದಾಗ ಒಂದೇ ಜೋಡಣೆಯಲ್ಲಿ ನೋಡಿದರೆ ಗೆರೆ ಕುಗ್ಗಿದಂತೆ ಕಾಣುತ್ತದೆ. ನಾಡಿ ಮರೆಯಾಗಿತ್ತು, ಹೃದಯ ನಿಂತಿರಲಿಲ್ಲ. ಈ ವರದಿ 1961ರಲ್ಲಿ ಪ್ರಕಟವಾಯಿತು.

ಇದರಿಂದ ಕೃಷ್ಣಮಾಚಾರ್ಯರ ಹಿರಿಮೆಗೆ ಕುಂದಿಲ್ಲ. ಅರಿವಿನ ಅಳತೆಯ ಇತಿಹಾಸಕ್ಕೆ ಮಾತ್ರ ಇಲ್ಲಿ ದೊಡ್ಡ ಪಾಠವಿದೆ. 1935ರಲ್ಲಿ ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಕೊಟ್ಟ ಕುರುಹನ್ನು ಓದಿದವರು ಅವಸರಪಟ್ಟಿದ್ದರು. ಒಂದು ತಂತಿಯ ಗೆರೆಯನ್ನು ಇಡೀ ಹೃದಯವೆಂದು ಓದಿದ ತಪ್ಪು ಅದು. ಹಲವು ತಂತಿಗಳ ಗೆರೆಯನ್ನು ಇಡೀ ಅರಿವೆಂದು ಓದುವವರು ಅದೇ ದಾರಿಯಲ್ಲಿದ್ದಾರೆ.

ಅದೇ ಯಾತ್ರೆಯಲ್ಲಿ ವೆಂಗರ್ ಮತ್ತು ಬಾಗ್ಚಿ ಇನ್ನೊಬ್ಬ ಯೋಗಿಯನ್ನು ಕಂಡರು. ಹಣೆಯಲ್ಲಿ ಬೆವರು ಬರಲಿ ಎಂದರೆ ಕೆಲವು ನಿಮಿಷಗಳಲ್ಲಿ ಹಣೆ ಬೆವರುತ್ತಿತ್ತು. ಹಿಮಾಲಯದ ಗುಹೆಗಳಲ್ಲಿ ಚಳಿ ತಡೆಯಲು ಬಿಸಿಯನ್ನು ಕಲ್ಪಿಸಿಕೊಳ್ಳುತ್ತ ಅವನು ಇದನ್ನು ಸಾಧಿಸಿದ್ದ. ಇಲ್ಲಿ ಪರೀಕ್ಷಕರು ಕಂಡದ್ದು ಮೋಸವಲ್ಲ. ಬೆವರು ನಿಜ, ಗ್ರಂಥಿಗಳು ನಿಜ. ಆದರೆ ಕಲ್ಪಿಸಿಕೊಂಡ ಬಿಸಿ ಯಾವ ಕಾಗದದ ಮೇಲೂ ಮೂಡಲಿಲ್ಲ. ಅದನ್ನು ಅವನ ಬಾಯಿಂದಲೇ ಕೇಳಬೇಕಾಯಿತು.

ಮಿದುಳಿನ ಅಲೆಗಳ ಕಥೆಯೂ ಹೀಗೆಯೇ. ಆನಂದ್, ಛೀನಾ, ಬಲದೇವ್ ಸಿಂಗ್ ದೆಹಲಿಯಲ್ಲಿ ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿರುವಾಗ ಏಳುವ ಆಲ್ಫಾ ಎಂಬ ಅಲೆಗಳು ಧ್ಯಾನಸ್ಥ ಯೋಗಿಗಳಲ್ಲಿ ಬಲವಾಗಿ ಕಂಡವು. ಸಾಮಾನ್ಯವಾಗಿ ಹಠಾತ್ ಸದ್ದಿಗೆ, ಬೆಳಕಿಗೆ ಆ ಅಲೆ ಕಡಿದುಹೋಗುತ್ತದೆ. ಸಮಾಧಿಯಲ್ಲಿದ್ದ ಯೋಗಿಗಳಲ್ಲಿ ಕಡಿಯಲಿಲ್ಲ. ಇಬ್ಬರು ಯೋಗಿಗಳು ಮಂಜಿನಷ್ಟು ತಣ್ಣನೆಯ ನೀರಿನಲ್ಲಿ 45ರಿಂದ 55 ನಿಮಿಷ ಕೈಯಿಟ್ಟು ಕೂತರೂ ಅಲೆ ಹಾಗೆಯೇ ಇತ್ತು. ಬೆರಗಿನ ಫಲಿತಾಂಶ. ಆದರೆ ಆಲ್ಫಾ ಅಲೆ ಮಧ್ಯಾಹ್ನ ಕಣ್ಣು ಮುಚ್ಚಿ ಒರಗಿದ ಯಾರಲ್ಲೂ ಏಳುತ್ತದೆ. ಗೆರೆ ಎರಡು ಕಡೆಯೂ ಒಂದೇ ಬಗೆಯದು, ಅನುಭವ ಒಂದೇ ಬಗೆಯದೆಂದು ಧ್ಯಾನದಲ್ಲಿದ್ದ ಯೋಗಿ ಒಪ್ಪಲಾರ. ಅನುಭವದ ಅಂತರ ಗೆರೆಯಲ್ಲಿ ಇಲ್ಲದಿದ್ದರೆ, ಆ ಗೆರೆ ಅನುಭವದ ವಿವರಣೆಯಾಗುವುದು ಹೇಗೆ?

ಮುಂಬಯಿಯ ಪರೇಲಿನಲ್ಲಿ ಇದೇ ಪ್ರಶ್ನೆಗೆ ಚಿಕಿತ್ಸೆಯ ರೂಪ ಬಂತು. ಕೆಇಎಂ ಆಸ್ಪತ್ರೆಯ ಮನೋವೈದ್ಯ ಎನ್.ಎಸ್. ವಾಹಿಯಾ ಮತ್ತು ಅವರ ಸಹೋದ್ಯೋಗಿಗಳು 1960, 70ರ ದಶಕಗಳಲ್ಲಿ ಆತಂಕ, ಮನೋದೈಹಿಕ ಬೇನೆಗಳ ರೋಗಿಗಳಿಗೆ ಪತಂಜಲಿಯ ಕ್ರಮದಲ್ಲಿ ತರಬೇತಿ ಕೊಟ್ಟರು. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಆಸನ, ಉಸಿರಾಟಗಳನ್ನಷ್ಟೇ ಹೋಲುವ ವ್ಯಾಯಾಮ. ಮನಸ್ಸನ್ನು ಒಂದೆಡೆ ನಿಲ್ಲಿಸುವ ಭಾಗ ಅದರಲ್ಲಿರಲಿಲ್ಲ. ಪೂರ್ತಿ ಕ್ರಮ ಅನುಸರಿಸಿದವರಲ್ಲಿ ಸುಧಾರಣೆ ಹೆಚ್ಚು ಕಂಡಿತು ಎಂದು ಅವರು ವರದಿ ಮಾಡಿದರು. ಗುಂಪುಗಳು ಸಣ್ಣವು, ಇಂದಿನ ಕಟ್ಟುನಿಟ್ಟಿಗೆ ಅವು ಸಾಲವು. ಆದರೂ ಆ ವಿನ್ಯಾಸದ ಜಾಣ್ಮೆಯನ್ನು ಮೆಚ್ಚಬೇಕು. ದೇಹದ ಭಾಗವನ್ನು ಎರಡು ಕಡೆಯೂ ಇಟ್ಟು, ಒಳಗಿನ ಗಮನವನ್ನು ಮಾತ್ರ ಒಂದು ಕಡೆ ಬಿಟ್ಟು ನೋಡಿದ್ದು ಆ ಕಾಲಕ್ಕೆ ಅಪರೂಪ.

ಕರಾವಳಿಯಲ್ಲಿ ಪ್ರಶ್ನೆ ಬೇರೆ ವೇಷದಲ್ಲಿತ್ತು. ಪಾತ್ರಿಯ ಮೈಮೇಲೆ ದೈವ ಬರುತ್ತದೆ. ಅಡಿಕೆಯ ಹಿಂಗಾರ ಹಿಡಿದು ಮೈ ನಡುಗುತ್ತದೆ. ನುಡಿ ಕೊಡುವಾಗ ಆ ಮನುಷ್ಯನ ದನಿಯೇ ಬೇರೆ. ದರ್ಶನ ಇಳಿದ ಮೇಲೆ ಏನು ಹೇಳಿದೆನೆಂಬ ನೆನಪು ತನಗಿಲ್ಲ ಎನ್ನುವ ಪಾತ್ರಿಗಳುಂಟು. ಆಗ ಅರಿವು ಯಾರದ್ದು? ಮುಂಬಯಿಗೆ ವಲಸೆ ಬಂದ ಕರಾವಳಿಯ ಜನ ಈ ಪದ್ಧತಿಯನ್ನು ತಮ್ಮ ಜೊತೆಗೇ ತಂದರು. ಪಠ್ಯಪುಸ್ತಕದ ಮನೋವಿಜ್ಞಾನ ಇದಕ್ಕೆ ಉನ್ಮಾದ, ವ್ಯಕ್ತಿತ್ವದ ಒಡಕು ಎಂಬ ಹೆಸರುಗಳನ್ನು ಸಿದ್ಧವಾಗಿಟ್ಟಿತ್ತು.

ಎಡಿನ್‌ಬರೋದ ಮನೋವೈದ್ಯ ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಅವರ ಜೊತೆ ಕೆಲಸ ಮಾಡಿದ ಆರ್.ಎಲ್. ಕಪೂರ್ 1970ರ ದಶಕದ ಆರಂಭದಲ್ಲಿ ಉಡುಪಿ ಬಳಿಯ ಕೋಟಕ್ಕೆ ಬಂದರು. ಶಿವರಾಮ ಕಾರಂತರ ಹುಟ್ಟೂರು ಅದೇ ಕೋಟ. ಬ್ರಾಹ್ಮಣರು, ಬಂಟರು, ಮೊಗವೀರರು ಈ ಮೂರು ಸಮುದಾಯಗಳ ಮನೆಮನೆಗೆ ಹೋಗಿ ಮಾನಸಿಕ ತೊಂದರೆಗಳ ಲಕ್ಷಣಗಳನ್ನು ಗುರುತುಹಾಕಿಕೊಂಡರು. ಅದಕ್ಕಾಗಿ ಹೊಸ ಪ್ರಶ್ನಾವಳಿಯನ್ನೇ ರೂಪಿಸಬೇಕಾಯಿತು, ಏಕೆಂದರೆ ಲಂಡನ್ನಿನ ಪ್ರಶ್ನೆಗಳು ಕೋಟದ ಜಗಲಿಯಲ್ಲಿ ಅರ್ಥ ಕಳೆದುಕೊಳ್ಳುತ್ತಿದ್ದವು. ಜನ ವೈದ್ಯ, ಮಂತ್ರವಾದಿ, ಪಾತ್ರಿ ಮೂವರ ಬಳಿಗೂ ಹೋಗುತ್ತಿದ್ದರು. ಇಂಗ್ಲಿಷ್ ಔಷಧಿಯ ಡಾಕ್ಟರರ ಬಳಿಗೂ ಹೋಗುತ್ತಿದ್ದರು. 1976ರಲ್ಲಿ ಬಂದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಅವರ ಪುಸ್ತಕದ ಬೆಲೆ ಅಂಕಿಸಂಖ್ಯೆಗಳಲ್ಲಷ್ಟೇ ಇಲ್ಲ. ಊರಿನವರ ವಿವರಣೆಯನ್ನು ಅಜ್ಞಾನವೆಂದು ಬದಿಗೊತ್ತದೆ, ಅದಕ್ಕೂ ಒಂದು ಕ್ರಮವಿದೆ ಎಂದು ಒಪ್ಪಿ ಬರೆದದ್ದು ಆ ಪುಸ್ತಕದ ಗುಣ.

ಕಪೂರ್ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿ ಸಮುದಾಯ ಮನೋವೈದ್ಯಕ್ಕೆ ಅಡಿಪಾಯ ಹಾಕಿದರು. ಹೊರಗಿನಿಂದ ನೋಡಿದ್ದು ಸಾಲದೆಂದು ಅನ್ನಿಸಿತೋ ಏನೋ, ತಾವೇ ಗುರುವೊಬ್ಬರ ಬಳಿ ಯೋಗ ಕಲಿತರು. ಆಮೇಲೆ ಹಿಮಾಲಯದ ಸನ್ಯಾಸಿಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ಅವರು 2006ರಲ್ಲಿ ತೀರಿಕೊಂಡರು. ಸನ್ಯಾಸಿಗಳ ಕುರಿತ ‘ಅನದರ್ ವೇ ಟು ಲಿವ್’ 2009ರಲ್ಲಿ ಹೊರಬಂತು. ಪ್ರಶ್ನಾವಳಿಯಿಂದ ಶುರುಮಾಡಿ ಗುರುವಿನ ಮುಂದೆ ಕೂರುವವರೆಗಿನ ಈ ದಾರಿ ವಿಜ್ಞಾನವನ್ನು ಬಿಟ್ಟ ದಾರಿಯಲ್ಲ. ಅರಿವನ್ನು ತಿಳಿಯಲು ಅರಿಯುವವನ ಮಾತೂ ಬೇಕು ಎಂದು ಕಂಡುಕೊಂಡ ವೈದ್ಯನ ದಾರಿ.

ನಿಮ್ಹಾನ್ಸ್‌ನ ಪೂರ್ವರೂಪ, 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ಅದನ್ನು ಮೊದಲು ನಡೆಸಿದವರು ಎಂ.ವಿ. ಗೋವಿಂದಸ್ವಾಮಿ. 1974ರಲ್ಲಿ ನಿಮ್ಹಾನ್ಸ್ ಆದ ಮೇಲೆ ಅಲ್ಲಿಯ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ದೇಸಿರಾಜು ಧ್ಯಾನದ ಮೇಲೆ ಪ್ರಯೋಗ ನಡೆಸಿದರು. ಅವರು ಶಿರ್ಲಿ ಟೆಲ್ಲಿಸ್ ಜೊತೆ 1993ರಲ್ಲಿ ಪ್ರಕಟಿಸಿದ ಅಧ್ಯಯನ ಬ್ರಹ್ಮಕುಮಾರೀಯರ ರಾಜಯೋಗ ಧ್ಯಾನದ್ದು. ಧ್ಯಾನದಲ್ಲಿ ಹೃದಯದ ಬಡಿತ ಇಳಿಯಬೇಕು ಎಂಬುದು ಎಲ್ಲರ ಎಣಿಕೆ. ಇಲ್ಲಿ ಬಡಿತ ಏರಿತ್ತು. ಚರ್ಮದ ವಿದ್ಯುತ್ ರೋಧ, ಉಸಿರಾಟದ ವೇಗಗಳಲ್ಲಿ ಗುಂಪಿಗೆಲ್ಲ ಸಮಾನವಾದ ಬದಲಾವಣೆ ಕಾಣಲಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಧ್ಯಾನವೆಂದರೆ ವಿಶ್ರಾಂತಿ ಎಂಬ ಸರಳ ಮಾದರಿ ಸಾಲದು ಎಂದು ಅವರೇ ಬರೆದರು. ತಮ್ಮ ಅಂಕಿಗಳಿಗೆ ನಿಷ್ಠರಾಗಿದ್ದುದರಿಂದಲೇ ಅವರು ಆ ವಿವರಣೆಯನ್ನು ಸಂಶಯಿಸಿದರು.

ನಿಮ್ಹಾನ್ಸ್‌ನ ಇನ್ನೊಬ್ಬ ಮನೋವಿಜ್ಞಾನಿ ಸತ್ವಂತ್ ಪಸ್ರೀಚಾ ಅಮೆರಿಕದ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ ಪೂರ್ವಜನ್ಮ ನೆನಪಿದೆ ಎನ್ನುವ ಮಕ್ಕಳ ಪ್ರಕರಣಗಳನ್ನು ದಶಕಗಳ ಕಾಲ ಸಂಗ್ರಹಿಸಿದರು. ಮಗುವಿನ ಮಾತು ಹೆತ್ತವರ ಬಾಯಿಂದ, ನೆರೆಯವರ ಬಾಯಿಂದ ಬರುವಾಗ ಬೆಳೆಯದೆ ಇರುವುದಿಲ್ಲ. ಹೀಗಾಗಿ ಅಂಥ ಸಾಕ್ಷ್ಯದ ಮೇಲೆ ಮರುಹುಟ್ಟನ್ನು ಸಾಧಿಸುವುದು ದುರ್ಬಲ. ದಕ್ಷಿಣ ಭಾರತದಲ್ಲಿ ಇಂಥ ಪ್ರಕರಣಗಳು ಏಕೆ ಅಷ್ಟು ವಿರಳ ಎಂದು ಪಸ್ರೀಚಾ ಅವರೇ ಪ್ರಶ್ನೆ ಎತ್ತಿದ್ದು ಗಮನಾರ್ಹ.

ವಿಜ್ಞಾನದ ವಿವರಣೆಯನ್ನು ಸಂಶಯಿಸುವುದಕ್ಕೂ ಪವಾಡವನ್ನು ನಂಬುವುದಕ್ಕೂ ಬಹಳ ದೂರ. ಈ ಗೆರೆಯನ್ನು ಕರ್ನಾಟಕದಲ್ಲಿ ಎದ್ದುಕಾಣುವಂತೆ ಎಳೆದವರು ಎಚ್. ನರಸಿಂಹಯ್ಯ. ಭೌತವಿಜ್ಞಾನಿ, ಗಾಂಧಿವಾದಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿ ರಚಿಸಿದರು. ಸಮಿತಿಯ ಹೆಸರಿನಲ್ಲೇ ಅವರ ನಿಲುವಿದೆ: ಪರೀಕ್ಷಿಸಬಹುದಾದದ್ದನ್ನು ಪರೀಕ್ಷಿಸಬೇಕು. ಹೃದಯ ನಿಂತಿತೇ ಎಂಬುದು ಪರೀಕ್ಷೆಗೆ ಸಿಗುವ ಪ್ರಶ್ನೆ. ಅದಕ್ಕೆ 1957ರಲ್ಲಿ ಉತ್ತರ ಸಿಕ್ಕಿತು. ಅರಿವು ಎಂದರೇನು ಎಂಬ ಪ್ರಶ್ನೆಯನ್ನು ಪರೀಕ್ಷಿಸುವುದು ಹೇಗೆ ಎಂಬುದೇ ಇನ್ನೂ ಗೊತ್ತಾಗಿಲ್ಲ. ಮೊದಲನೆಯದಕ್ಕೆ ಶ್ರದ್ಧೆಯ ಹೆಸರಿನಲ್ಲಿ ವಿನಾಯಿತಿ ಕೇಳುವುದು ತಪ್ಪು. ಎರಡನೆಯದಕ್ಕೆ ಉತ್ತರ ಸಿಕ್ಕಾಗಿದೆ ಎನ್ನುವುದೂ ಅಷ್ಟೇ ತಪ್ಪು.

1988ರಲ್ಲಿ ಜೆ.ಆರ್.ಡಿ. ಟಾಟಾ ಅವರ ಆಸೆಯಂತೆ ಬೆಂಗಳೂರಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಸ್ಟಡೀಸ್ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ. ಮುಂಬಯಿಯಿಂದ ಅಲ್ಲಿಗೆ ಬಂದವರು ನಂಜನಗೂಡಿನ ಬಿ.ವಿ. ಶ್ರೀಕಂಠನ್. ಕೋಲಾರದ ಚಿನ್ನದ ಗಣಿಯೊಳಗೆ ವಿಶ್ವಕಿರಣಗಳ ಪ್ರಯೋಗಗಳನ್ನು ನಡೆಸಿದವರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಆ ಗಣಿಯ ಆಳದಲ್ಲಿ ಗುರುತಿಸಿದ ತಂಡಕ್ಕೆ ಸೇರಿದವರು. 1975ರಿಂದ 1987ರವರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರು. ಬದುಕಿನ ಕೊನೆಯ ಎರಡೂವರೆ ದಶಕಗಳಲ್ಲಿ ಅವರ ಗಮನ ಹರಿದದ್ದು ಪ್ರಜ್ಞೆಯ ಪ್ರಶ್ನೆಯ ಕಡೆಗೆ. 1999ರ ಜನವರಿಯಲ್ಲಿ ಈ ಸಂಸ್ಥೆಯಲ್ಲಿ ಪ್ರಜ್ಞೆಯ ವೈಜ್ಞಾನಿಕ ಮತ್ತು ತಾತ್ವಿಕ ಅಧ್ಯಯನಗಳ ಸಮ್ಮೇಳನ ನಡೆಯಿತು. ಅದರ ಪ್ರಬಂಧಗಳನ್ನು ಸಂಗೀತಾ ಮೆನನ್ ಮೊದಲಾದವರೊಂದಿಗೆ ಶ್ರೀಕಂಠನ್ ಸಂಪಾದಿಸಿದರು. ಯಾವ ವಸ್ತುವಿನ ಜೊತೆಯೂ ಬಹುತೇಕ ಬೆರೆಯದ ನ್ಯೂಟ್ರಿನೊವನ್ನು ಅದು ಬಿಟ್ಟುಹೋದ ಕುರುಹಿನಿಂದ ಹಿಡಿದವರು ಅವರು. ನ್ಯೂಟ್ರಿನೊ ಕಣ್ಣಿಗೆ ಕಾಣದಿದ್ದರೂ ಎಲ್ಲರಿಗೂ ಒಂದೇ. ನೋವು ಹಾಗಲ್ಲ; ಅದು ನೋವುಳ್ಳವನಿಗೆ ಮಾತ್ರ ನೋವು. ಶ್ರೀಕಂಠನ್ 2019ರಲ್ಲಿ ತೀರಿಕೊಂಡರು.

ಹೊರಗಿನ ಜಗತ್ತಿನಲ್ಲೂ ಅಷ್ಟರಲ್ಲಿ ಇದೇ ಸಂಶಯಕ್ಕೆ ಹೊಸ ಹೆಸರು ಬಂದಿತ್ತು. ಜರ್ಮನಿಯ ಶರೀರವಿಜ್ಞಾನಿ ಎಮಿಲ್ ದು ಬ್ವಾ-ರೇಮೋಂ 1872ರಲ್ಲೇ ಮಿದುಳಿನ ಕಣಗಳ ಚಲನೆಯಿಂದ ಅರಿವನ್ನು ವಿವರಿಸುವುದು ಎಂದಿಗೂ ಸಾಧ್ಯವಿಲ್ಲ ಎಂದಿದ್ದರು. 1995ರಲ್ಲಿ ಡೇವಿಡ್ ಚಾಲ್ಮರ್ಸ್ ಅದನ್ನು ‘ಕಠಿಣ ಸಮಸ್ಯೆ’ ಎಂದು ಕರೆದರು. ಮಿದುಳು ನೋಡುವುದು, ನೆನಪಿಡುವುದು, ಮಾತಾಡಿಸುವುದು ಹೇಗೆಂದು ವಿವರಿಸಬಹುದು. ಇದೆಲ್ಲ ನಡೆಯುವಾಗ ಒಳಗೆ ಅನುಭವವೊಂದು ಏಕೆ ಇರಬೇಕು ಎಂಬುದು ಉಳಿಯುತ್ತದೆ. ಶಂಕರರ ದೀಪ ಬೆಳಗಿದ ಜಾಗವೂ ಇದೇ.

1998ರಲ್ಲಿ ನರವಿಜ್ಞಾನಿ ಕ್ರಿಸ್ಟಫ್ ಕಾಕ್ ಚಾಲ್ಮರ್ಸ್ ಜೊತೆ ಪಂದ್ಯ ಕಟ್ಟಿದರು: 25 ವರ್ಷಗಳಲ್ಲಿ ಪ್ರಜ್ಞೆಯ ಸ್ಪಷ್ಟ ಗುರುತು ಮಿದುಳಿನಲ್ಲಿ ಸಿಕ್ಕೇ ಸಿಗುತ್ತದೆ. ಅವರು ಕೇಳಿದ್ದು ಕುರುಹನ್ನು ಮಾತ್ರ, ಅರಿವಿನ ವಿವರಣೆಯನ್ನಲ್ಲ. ಎರಡು ಪ್ರಮುಖ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸಿ ನಡೆಸಿದ ಪ್ರಯೋಗಗಳೂ ತೀರ್ಮಾನ ಕೊಡಲಿಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಭೆಯಲ್ಲಿ ಕಾಕ್ ಸೋಲೊಪ್ಪಿ ಚಾಲ್ಮರ್ಸ್‌ಗೆ ದ್ರಾಕ್ಷಾರಸದ ಬಾಟಲಿಗಳನ್ನು ಕೊಟ್ಟರು, ಇನ್ನೂ 25 ವರ್ಷಕ್ಕೆ ಪಂದ್ಯವನ್ನು ಮುಂದುವರಿಸಿದರು. ಹೊಸ ಗಡುವು 2048.

ಯೋಗದ ಬಗ್ಗೆ ಕನ್ನಡದಲ್ಲಿ ಬರೆಯುವವರು 1935ರ ಕಥೆ ಹೇಳಿದಾಗ 1957ರ ಗೆರೆಗಳನ್ನೂ ಹೇಳಬೇಕು. ಮಿದುಳಿನ ಬಗ್ಗೆ ಬರೆಯುವವರು 2023ರ ಸೋಲನ್ನು ಮುಚ್ಚಿಡಬಾರದು.